ಶ್ರೀರಂಗಮ್ಮ ಹೇಳದ ಹೆಸರು

ಬಾಗಿಲು ಸಾರಿಸಿ ರಂಗೋಲಿ, ಹಂಡೆಗೆ ಉರಿ, ಅತ್ತೆಯ ಮಡಿನೀರು, ಹಾಲು, ಡಿಕಾಕ್ಷನ್, ಗಂಡನ ಊಟದ ಡಬ್ಬಿ, ಅವರ ಅಂಗಿಗೆ ಇಸ್ತ್ರಿ. ಇಷ್ಟು ಮುಗಿದ ಮೇಲೆ ಹೊಳೆನರಸೀಪುರಕ್ಕೆ ಬೆಳಗಾಗುತ್ತಿತ್ತು. "ನಮ್ಮನೇಲಿ ಕೆಲಸ ಏನಿದೆ, ಇರೋದು ಮೂರು ಜನ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ಶ್ರೀರಂಗಮ್ಮ ಊರಿನ ಗ್ರಂಥಾಲಯದಲ್ಲಿ ಅರ್ಧ ದಿನ ಪುಸ್ತಕ ಜೋಡಿಸುತ್ತಿದ್ದಳು. ಎರಡು ಸಾವಿರದ ಮೂರರಲ್ಲಿ ಅಲ್ಲಿಗೆ ಕಂಪ್ಯೂಟರ್ ಬಂದು ಪುಸ್ತಕಗಳ ಪಟ್ಟಿಯೆಲ್ಲ ಅದರೊಳಗೆ ಸೇರಿತು. ಇಡೀ ದಿನ ಅದರ ಮುಂದೆ ಕೂತು ಹುಡುಕಿಕೊಡುವವರು ಗ್ರಂಥಪಾಲಕಿ ಹಂಸಳಿಗೆ ಬೇಕಿತ್ತು. ಆ ಕುರ್ಚಿಯ ಮೇಲೆ ಶ್ರೀರಂಗಮ್ಮನಿಗೆ ಕಣ್ಣು. ತೊಡಕು ಒಂದೇ. ಆಕೆಯ ಗಂಡನ ಹೆಸರು ಲಕ್ಷ್ಮೀನರಸಿಂಹ, ಪಟ್ಟಿಯಲ್ಲಿ ಹೆಜ್ಜೆಗೊಬ್ಬರು ಅದೇ ಹೆಸರಿನವರು. ಮದುವೆಯಾದಾಗಿನಿಂದ ಆ ಹೆಸರು ಆಕೆಯ ಬಾಯಲ್ಲಿ ಬಂದಿರಲಿಲ್ಲ. ಒತ್ತಿದರೂ ಹೇಳಿದಂತೆಯೇ ಎಂದು ಅಳುಕು. ರೇಷನ್ ಅಂಗಡಿಯಲ್ಲೂ "ಕೋಟೆ ಬೀದಿ, ಲೆಕ್ಕದ ಮೇಷ್ಟ್ರು, ಹಸಿರು ಸ್ಕೂಟರು" ಎನ್ನುವಳು. ಅಂಗಡಿಯವನು ಸರಿಯಾದ ಕಾರ್ಡನ್ನೇ ತೆಗೆಯುತ್ತಿದ್ದ.

ಒಂದು ದಿನ ಕೊಣನೂರಿನ ರೈತ ಪುಟ್ಟರಾಜು ಬಂದ. "ನಮ್ಮ ಕಡೆ ನಾಲೆ ತೂಬಿನ ಮ್ಯಾಲೆ ಒಂದು ಪುಸ್ತಕ ಐತಂತೆ ಕಣವ್ವ. ಬರ್ದೋರು ಲಕ್ಷ್ಮೀನರಸಿಂಹ ಅಂತ. ಒಸಿ ಬೇಗ ನೋಡಿ, ಬಸ್ಸು ಒಂಟೋಯ್ತದೆ."

ಹಂಸ ಹೆಸರು ಒತ್ತಿದಳು. ಕೆಳಕ್ಕೆ ಇಳಿದಷ್ಟೂ ಲಕ್ಷ್ಮೀನರಸಿಂಹರೇ. ಊರ ದೇವರ ಹೆಸರು, ಬರೆದವರಲ್ಲೂ ಅದೇ, ಪುಸ್ತಕ ದಾನ ಕೊಟ್ಟವರಲ್ಲೂ ಅದೇ.

"ನೀವು ನೋಡಿ ಶ್ರೀರಂಗಮ್ಮ" ಎಂದು ಹಂಸ ಸೋತು ಎದ್ದಳು. "ಒತ್ತಿದ್ರೆ ಹೇಳಿದ ಹಾಗಲ್ಲ ಕಣ್ರೀ."

ಶ್ರೀರಂಗಮ್ಮ ಹೆಸರಿನ ತಂಟೆಗೇ ಹೋಗಲಿಲ್ಲ. 'ಕೊಣನೂರು', 'ತೂಬು' ಎಂದು ಒತ್ತಿದಳು. ಪರದೆಯಲ್ಲಿ ಎರಡೇ ಪುಸ್ತಕ ಉಳಿದವು, ಎರಡನೆಯದೇ ಅವನು ಕೇಳಿದ್ದು.

"ಎಸ್ರೇ ಆಕ್ನಿಲ್ಲ, ಎಂಗವ್ವ ಸಿಕ್ತು?"

"ಆ ಹೆಸರು ಹಿಡಿದ್ರೆ ಅರ್ಧ ಊರು ಎದ್ದು ಬರತ್ತೆ. ತೂಬಿನ ವಿಷಯ ಬರೆದವರು ಎಷ್ಟು ಜನ ಇರ್ತಾರೆ?"

ಹಂಸ ನಕ್ಕಳು. "ನಾಳೆಯಿಂದ ಕುರ್ಚಿ ನಿಮ್ಮದು. ಮನೇಲಿ ಕೇಳ್ಕೊಂಡು ಬನ್ನಿ."

"ಕೇಳೋದೇನು ಮೇಡಂ, ಹೇಳ್ತೀನಿ. ಡಿಕಾಕ್ಷನ್ನು, ಇಸ್ತ್ರಿ ಎಲ್ಲ ಲೆಕ್ಕದಷ್ಟು ಕಷ್ಟ ಅಲ್ಲ. ಮೇಷ್ಟ್ರು ಕಲೀತಾರೆ."

ಊಟಕ್ಕೆ ಹೊರಟ ಹಂಸ ಬಾಗಿಲಲ್ಲಿ ನಿಂತು ಹೇಳಿದಳು: "ನಿಮ್ಮದೇ ಒಂದು ಪಾಸ್‌ವರ್ಡ್ ಹಾಕ್ಕೊಳ್ಳಿ. ಯಾರು ಕೇಳಿದ್ರೂ ಬಾಯಿ ಬಿಡಬಾರದು, ಅಂಥದ್ದು."

ಕೋಣೆ ಖಾಲಿಯಾಯಿತು. ಶ್ರೀರಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಯೋಚಿಸಿದಳು. ಯಾರು ಎಷ್ಟು ಗದರಿದರೂ ತನ್ನ ಬಾಯಿಂದ ಹೊರಡದ ಪದ ಲೋಕದಲ್ಲಿ ಒಂದೇ ಇತ್ತು. ತುಟಿ ಬಿಗಿದು, ಒಳಗೊಳಗೇ ನಗುತ್ತ, ಅದನ್ನು ಅಕ್ಷರ ಅಕ್ಷರವಾಗಿ ಒತ್ತಿದಳು. ಪರದೆಯ ಮೇಲೆ ಬರೀ ಚುಕ್ಕಿಗಳು ಮೂಡಿದವು, ಬೆಳಗ್ಗೆ ಬಾಗಿಲಲ್ಲಿ ರಂಗೋಲಿಗೆ ಇಟ್ಟಂತೆಯೇ.