ತೊಗರಿ ಕಟ್ಟಿಗೆ ದಾಟಿದ ಕಾಲು

ನಿಂಬರ್ಗಾದ ನಮ್ಮ ಮನೆಯ ಪಡಸಾಲೆ. ಉಣ್ಣಲು ಎದ್ದೆ. ಒಂದೆರಡು ಹೆಜ್ಜೆ ಬಂದವು. ಮುಂದಿನದು ಬರಲಿಲ್ಲ.

ಕಾಲು ನೆಲಕ್ಕೆ ಅಂಟಿತ್ತು.

ನೋವಿಲ್ಲ, ಜೋಮಿಲ್ಲ. ಹೆಂಡತಿ ಗುರುಬಾಯಿ ನಕ್ಕಳು. "ಯಾಕ ನಿಂತೀರಿ? ಮುಂದ ಭೀಮಾ ಹೊಳಿ ಬಂದದೇನು?"

ಮುಂದೆ ಬರೀ ಸಾರಿಸಿದ ನೆಲವಿತ್ತು.

ಕಲಬುರ್ಗಿಯ ದವಾಖಾನೆಯಲ್ಲಿ ಡಾಕ್ಟರು ಮೊಣಕಾಲು ಬಡಿದು ನೋಡಿ, "ಪಾಲ್ಸಿ, ನಡುಕಿನ ರೋಗ" ಎಂದರು. "ಕಾಲು ಚಲೋ ಅವ, ಮುತ್ಯಾ. ಮೆದುಳಿನ ಹುಕುಂ ಅವಕ್ಕ ಮುಟ್ಟವಲ್ದು. ಪೂರಾ ವಾಸಿ ಆಗೂದಿಲ್ಲ. ಬೀಳದಂಗ ನೋಡ್ಕೋರಿ."

ಬೀಳಬಾರದೆಂದು ಗುರುಬಾಯಿ ದಾರಿಯಲ್ಲಿದ್ದ ಮಣೆ, ಕೊಡ, ಬುಟ್ಟಿ ಎಲ್ಲ ತೆಗೆದಳು. ಮನೆ ಬಯಲಾಯಿತು. ನಾನು ಮೊದಲಿಗಿಂತ ಹೆಚ್ಚು ನಿಲ್ಲತೊಡಗಿದೆ.

ಅದೇ ಹೊತ್ತಿಗೆ ಮಗಳು ಶಾಂತವ್ವ ನಮ್ಮಲ್ಲೇ ಹೆತ್ತಳು. ಹೆಣ್ಣು ಕೂಸು. ನನ್ನ ಮೊದಲ ಮೊಮ್ಮಗಳು! ತೊಟ್ಟಿಲು ಒಳಕೋಣೆಯಲ್ಲಿ, ನಾನು ಪಡಸಾಲೆಯಲ್ಲಿ. ಕೂಸನ್ನು ತಂದು ತೋರಿಸುತ್ತಿದ್ದರು, ನಿಜ. ಆದರೆ ನಾನೇ ನಡೆದು ಹೋಗಿ ತೂಗಬೇಕೆಂಬ ಆಸೆ ನನಗೆ. ನನ್ನನ್ನೇ ಹೊತ್ತು ಒಯ್ದರೆ ನಾನು ಮುತ್ಯಾ ಹೇಗಾದೇನು, ಜೋಳದ ಚೀಲವಾದೇನು.

ಒಂದು ಮುಂಜಾನೆ ಹೀಗೆಯೇ ನಡುಮನೆಯಲ್ಲಿ ನಿಂತುಬಿಟ್ಟಿದ್ದೆ. ಒಲೆಗೆಂದು ಗುರುಬಾಯಿ ತರುತ್ತಿದ್ದ ತೊಗರಿ ಕಟ್ಟಿಗೆಯ ಹೊರೆ ಬಿಚ್ಚಿ ನನ್ನ ಮುಂದೆಯೇ ಚೆಲ್ಲಿತು.

"ತಡೀರಿ, ತೆಗೀತೇನಿ! ಬಿದ್ದಗಿದ್ದೀರಿ!"

ಅವಳ ಮಾತು ಮುಗಿಯುವ ಮೊದಲೇ ನನ್ನ ಕಾಲು ಎದ್ದಿತು.

ಒಂದು ಕಟ್ಟಿಗೆ ದಾಟಿದೆ. ಇನ್ನೊಂದು ದಾಟಿದೆ. ಕಟ್ಟಿಗೆ ಮುಗಿದಲ್ಲಿ ಮತ್ತೆ ನಿಂತೆ.

ಗುರುಬಾಯಿ ಸೊಂಟಕ್ಕೆ ಕೈಯಿಟ್ಟಳು. "ಬಯಲಾಗ ನಿಲ್ತೀರಿ, ಅಡ್ಡ ಬಂದ್ರ ದಾಟ್ತೀರಿ. ಇದ್ಯಾವ ಉಲ್ಟಾ ಕಾಲ್ರಿ?"

ನಾನು ಹೆಚ್ಚು ಓದಿದವನಲ್ಲ. ನನಗೆ ತಿಳಿದದ್ದಿಷ್ಟು: ಬರೀ ನೆಲದ ಮೇಲೆ ಕಾಲು ನಮ್ಮನ್ನು ಕೇಳದೆ ತಾನೇ ಹೋಗುತ್ತದೆ, ನನ್ನೊಳಗೆ ಆ ದಾರಿ ಕೆಟ್ಟಿದೆ, ಏನಾದರೂ ಅಡ್ಡ ಬಿದ್ದರೆ ಕಣ್ಣು ಅಳೆದು ಬೇರೆ ದಾರಿಯಿಂದ ಕಾಲಿಗೆ ಹೇಳಿ ಕಳಿಸುತ್ತದೆ.

ಗುರುಬಾಯಿ ಗೊಣಗುತ್ತಲೇ ತೊಟ್ಟಿಲವರೆಗೆ ಹೆಜ್ಜೆಗೊಂದು ಕಟ್ಟಿಗೆ ಅಡ್ಡ ಇಟ್ಟಳು. "ಒಲಿ ಹಚ್ಚೂದ ಬಿಟ್ಟು ನಿಮ್ಮ ಕಾಲಿಗೆ ಹಾಸ್ತೇನಿ. ಇವತ್ತ ರೊಟ್ಟಿ ಕೇಳಬ್ಯಾಡ್ರಿ."

"ಅಪ್ಪಾ, ಸಾವಕಾಶ!" ಒಳಗಿನಿಂದ ಶಾಂತವ್ವ ಕೂಗಿದಳು.

ದಾಟುತ್ತ ಹೋದೆ. ತೊಟ್ಟಿಲ ಹಗ್ಗ ಸಿಕ್ಕಿತು.

ರೋಗ ಹೋಗಿರಲಿಲ್ಲ, ಅಷ್ಟರಲ್ಲಿ ಕೈಗೆ ನಡುಕವೂ ಬಂದಿತ್ತು. ನಾನು ತೂಗುವ ಮೊದಲೇ ಆ ನಡುಕಕ್ಕೆ ತೊಟ್ಟಿಲು ಅಲುಗಿತು. ಕೂಸಿಗೆ ಏನು ಗೊತ್ತು, ಮುತ್ಯಾ ತೂಗುತ್ತಿದ್ದಾನೆಂದು ಕಣ್ಣು ಮುಚ್ಚಿತು.