ನೀರಾನೆಗೆ ಹಲ್ಲು ಕಟ್ಟಿದ ಗೋಂದು ಮಾಮ

ಗೋಂದು ಮಾಮ ನೌಕರಿಯಲ್ಲಿದ್ದಾಗ ಮೇಲೆ ಹೋದಷ್ಟು ಸಲ ಅವನ ಬೀದಿಯಲ್ಲಿ ಇನ್ಯಾರೂ ಮೇಲೆ ಹೋದವರಿಲ್ಲ. ಹೋದಷ್ಟೇ ಸಲ ಕೆಳಗೂ ಬಂದ ಎನ್ನುವುದು ಬೇರೆ ಮಾತು. ದೊಡ್ಡದೊಂದು ಆಫೀಸು ಕಟ್ಟಡದಲ್ಲಿ ಲಿಫ್ಟ್ ನಡೆಸುವುದು ಅವನ ಕೆಲಸವಾಗಿತ್ತು. ಮೂಲೆಯ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಬೇಕು, ಬಾಗಿಲು ಎಳೆಯಬೇಕು, ನಡುನಡುವೆ "ಸ್ವಲ್ಪ ಒಳಗೆ ಸರೀರಿ" ಅನ್ನಬೇಕು. ಕೈ ಸುಮ್ಮನಿರದ ಜೀವ ಅದು. ಜನ ಬಿಸಾಕಿಹೋದ ಕಾಗದದ ಚೂರುಗಳನ್ನೆತ್ತಿ ಮಡಚಿ ಮಡಚಿ ಕಪ್ಪೆ, ದೋಣಿ, ಟೋಪಿ ಮಾಡುತ್ತ ಆಯಸ್ಸು ಸವೆಸಿದ. ನಿವೃತ್ತನಾಗಿ ಮನೆಗೆ ಬಂದವನ ಕೈಗೆ ಒಂದು ಡಬ್ಬಿ ಗೋಂದು ಸಿಕ್ಕಿತು ನೋಡಿ, ಮೊದಲೇ ಮಂಗ, ಮೇಲೆ ಹೆಂಡ ಕುಡಿಸಿದಂತಾಯಿತು.

ಅಂದಿನಿಂದ ಆ ಮನೆಯಲ್ಲಿ ಯಾವ ವಸ್ತುವಿಗೂ ನೆಲೆ ಇಲ್ಲ. ಟೀವಿ ರಿಮೋಟಿನ ಹಿಂದಿನ ಮುಚ್ಚಳ ರಟ್ಟಿನ ಬಸ್ಸಿಗೆ ಬಾಗಿಲಾಯಿತು. ಹೆಂಡತಿಯ ಕನ್ನಡಕದ ಒಂದು ಗಾಜು ಕಾಗದದ ಮನೆಗೆ ಕಿಟಕಿಯಾಗಿ ಹೋಗಿ, ಆಕೆ ಹೊಸ ಗಾಜು ಬರುವವರೆಗೆ ಒಂದೇ ಕಣ್ಣಲ್ಲಿ ಪೇಪರ್ ಓದಿದಳು. ಬೀರುವಿನ ಬೀಗದ ಕೈಯಂತೂ ಕೊಕ್ಕರೆಯ ಕಾಲಾಗಿ ಗೋಡೆ ಏರಿತು. ಅದನ್ನು ಕಿತ್ತರೆ ಕೊಕ್ಕರೆ ಕುಂಟಾಗುತ್ತದೆಂದು ಮಾಮ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹಾಗಾಗಿ ಬೀರು ತೆಗೆಯಬೇಕಾದಾಗಲೆಲ್ಲ ಹೆಂಡತಿ ಕುರ್ಚಿ ಹತ್ತಿ ಚಿತ್ರವನ್ನೇ ಇಳಿಸಿ, ಎದೆಗವಚಿಕೊಂಡು ತಂದು, ಚೌಕಟ್ಟಿನಾಚೆ ಚಾಚಿಕೊಂಡಿದ್ದ ಕೊಕ್ಕರೆಯ ಕಾಲನ್ನು ಬೀಗಕ್ಕೆ ತೂರಿಸಿ, ಇಡೀ ಚಿತ್ರವನ್ನು ಬಸ್ಸಿನ ಸ್ಟಿಯರಿಂಗ್ ತಿರುಗಿಸಿದಂತೆ ತಿರುಗಿಸುತ್ತಿದ್ದಳು. ಮನೆಯಲ್ಲಿ ಏನು ಕಾಣೆಯಾದರೂ ಮೊದಲು ಗೋಡೆ ನೋಡುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು.

ಕೊನೆಗೆ ಆಕೆ ಒಂದು ಕಾನೂನು ಮಾಡಿದಳು. ಅಡುಗೆಮನೆಯ ಸಿಂಕಿನ ಪಕ್ಕ ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ಇಟ್ಟಳು. ಮನೆಗೆ ಬೇಡವಾದದ್ದು ಏನಿದ್ದರೂ ಅದಕ್ಕೆ ಬೀಳುತ್ತದೆ, ಬಿದ್ದದ್ದು ಮಾಮನದು, ಬೀಳದ್ದನ್ನು ಮುಟ್ಟಕೂಡದು. ಮಾಮ ತಲೆಯಾಡಿಸಿದ. ಪೇಸ್ಟಿನ ಬಿರಡೆ, ಹರಿದ ಅಂಗಿಯ ಗುಂಡಿ, ಹಲ್ಲುದುರಿದ ಬಾಚಣಿಗೆ, ಒಂಟಿ ಕಾಲುಚೀಲ ಎಲ್ಲ ಅದರಲ್ಲಿ ಬೀಳತೊಡಗಿದವು. ಬಹುಕಾಲ ಮನೆಯಲ್ಲಿ ಶಾಂತಿ ನೆಲೆಸಿತ್ತು.

ಶಾಂತಿ ಕದಡಿದ್ದು ಅಕ್ಕ ಬಂದ ಮೇಲೆ. ಮಾಮನ ಅಕ್ಕ ಅದೇ ಊರಿನ ಶಾಲೆಯಲ್ಲಿ ಹೆಡ್‌ಮೇಡಂ ಆಗಿ ನಿವೃತ್ತಳಾದವಳು. ತನ್ನ ಮನೆಗೆ ಬಣ್ಣ ಬಳಿಸುತ್ತಿದ್ದುದರಿಂದ ಕೆಲವು ದಿನಕ್ಕೆಂದು ತಮ್ಮನಲ್ಲಿಗೆ ಬಂದಿದ್ದಳು. ಅವ್ವ ಬೇಗ ತೀರಿಕೊಂಡಿದ್ದರಿಂದ ಮಾಮನನ್ನು ಸಾಕಿದವಳು ಅವಳೇ, ಅದೇ ಶಾಲೆಯಲ್ಲಿ ಅವನಿಗೆ ಪಾಠ ಹೇಳಿದವಳೂ ಅವಳೇ. ಮನೆಯಲ್ಲಿ ಅನ್ನ ಕಲಸಿ ತಿನ್ನಿಸಿದವಳನ್ನು ಕ್ಲಾಸಿನಲ್ಲಿ ಅವನೂ "ಟೀಚರ್" ಅನ್ನಬೇಕಿತ್ತು. ಅವಳ ಚಪ್ಪಲಿ ಸದ್ದು ವರಾಂಡದ ಆ ತುದಿಯಲ್ಲಿ ಕೇಳಿದರೆ ಈ ತುದಿಯ ಮಕ್ಕಳ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಅವಳು ನಕ್ಕದ್ದನ್ನು ಕಂಡ ವಿದ್ಯಾರ್ಥಿ ಇನ್ನೂ ಹುಟ್ಟಿಲ್ಲ ಎಂದು ಊರಲ್ಲಿ ಹೇಳುತ್ತಿದ್ದರು. ತಮ್ಮನ ಕರಕೌಶಲದ ಬಗ್ಗೆ ಅವಳದು ಒಂದೇ ಮಾತು, ಕಸ. ಅವನ ಗೋಂದು-ಕತ್ತರಿಗಳ ಹಿಂಬದಿಯ ಪಡಸಾಲೆ ದಾಟುವಾಗಲೆಲ್ಲ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡೇ ದಾಟುತ್ತಿದ್ದಳು. ಅಕ್ಕ ಒಂದೇ ಒಂದು ಸಲ ಕನ್ನಡಕ ಹಾಕಿಕೊಂಡು ನೋಡಲಿ ಎಂಬ ಆಸೆ ಮಾಮನಿಗೆ ಇದ್ದೇ ಇತ್ತು, ಬಾಯಿಬಿಟ್ಟು ಕೇಳುವ ಧೈರ್ಯ ಮಾತ್ರ ಇರಲಿಲ್ಲ.

ಒಂದು ಸಂಜೆ ಲೈಬ್ರರಿಯ ಮೇಡಂ ಮನೆಗೆ ಬಂದರು. ಊರಿನವರು ಮನೆಯಲ್ಲೇ ಮಾಡಿದ ಕಾಗದದ ಕೆಲಸಗಳನ್ನೆಲ್ಲ ಸೇರಿಸಿ ಭಾನುವಾರ ಲೈಬ್ರರಿಯ ಹಾಲಿನಲ್ಲಿ ಪ್ರದರ್ಶನ ಇಡುತ್ತಿದ್ದರಂತೆ, ಅಕ್ಕನನ್ನು ಮುಖ್ಯ ಅತಿಥಿಯಾಗಿ ಕರೆದು ಎರಡು ಮಾತಾಡಿಸಬೇಕೆಂದಿದ್ದರಂತೆ. ಮಾತಾಡುತ್ತ ಆಡುತ್ತ ಅವರ ಕಣ್ಣು ಪಡಸಾಲೆಗೆ ಹೋಯಿತು. ಅಲ್ಲಿ ಮಾಮನ ನೀರಾನೆ ಆ ಎಂದು ಬಾಯಿ ತೆರೆದುಕೊಂಡು ಒಣಗುತ್ತಿತ್ತು. ಬಲೂನಿನ ಮೇಲೆ ಪೇಪರಿನ ಪಟ್ಟಿಗಳನ್ನು ಪದರಪದರವಾಗಿ ಅಂಟಿಸಿ ಮಾಡಿದ ಹೊಟ್ಟೆ, ಮೊಟ್ಟೆಯ ಟ್ರೇ ಕತ್ತರಿಸಿ ಮಾಡಿದ ಮೂಗಿನ ಹೊಳ್ಳೆ, ಕೋಟಿನ ಗುಂಡಿಯ ಕಣ್ಣು, ಕೆಂಪು ಕಾಲುಚೀಲದ ನಾಲಗೆ, ಮೈತುಂಬ ಹಳೆಯ ಕ್ಯಾಲೆಂಡರಿನ ಬಣ್ಣಬಣ್ಣದ ಚೂರು. ಮೇಡಂ ಕುಡಿಯುತ್ತಿದ್ದ ಚಹಾ ನೆತ್ತಿಗೇರುವಷ್ಟು ನಕ್ಕರು. ಇದನ್ನು ಬಾಗಿಲ ಬಳಿಯೇ ಇಡೋಣ, ತಂದುಕೊಡಿ ಎಂದರು. ಹೊರಗಿನವರೊಬ್ಬರು ಮಾಮನ ಕೈಕೆಲಸವನ್ನು ಕೇಳಿ ಪಡೆದದ್ದು ಅದೇ ಮೊದಲು. ಆ ಖುಷಿಗೆ ಅವತ್ತು ಅವನಿಗೆ ಊಟ ಸೇರಲಿಲ್ಲ.

ಆದರೆ ನೀರಾನೆಗೆ ಇನ್ನೂ ಹಲ್ಲು ಬಂದಿರಲಿಲ್ಲ. ಥರ್ಮಾಕೋಲಿನಲ್ಲಿ ಮಾಡಿದರೆ ಸಾಬೂನು ಕಚ್ಚಿಕೊಂಡಂತೆ ಕಂಡಿತು. ಸೀಮೆಸುಣ್ಣ ಮುರಿಯಿತು. ಅಂಗಿಯ ಗುಂಡಿ ಜೋಡಿಸಿದರೆ ನೀರಾನೆಯ ಬಾಯಿಗೆ ಹೊಲಿಗೆ ಹಾಕಿದಂತಾಯಿತು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂದು ಗೊಣಗುತ್ತ ಮಾಮ ಶುಕ್ರವಾರ ಬೆಳಿಗ್ಗೆ ಸಿಂಕಿನ ಬಳಿ ಹೋದರೆ, ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲೆ ಒಂದು ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆ ಕೂತಿತ್ತು. ತೆರೆದು ನೋಡಿದ. ಒಳಗೆ ಒಂದು ಇಡೀ ಸೆಟ್ಟು ಹಲ್ಲು, ಮೇಲಿನ ಸಾಲು ಕೆಳಗಿನ ಸಾಲು ಎರಡೂ, ಅವನನ್ನೇ ನೋಡಿ ಕಿಸಿಯುತ್ತಿದ್ದವು.

ಮಾಮ ಕಳ್ಳನಲ್ಲ, ಅವಸರದವನೂ ಅಲ್ಲ. ನಿಂತು ಯೋಚಿಸಿದ. ಅಕ್ಕ ಇತ್ತೀಚೆಗೆ ಹಲ್ಲಿನ ಡಾಕ್ಟರ ಹತ್ತಿರ ತಿಂಗಳುಗಟ್ಟಲೆ ಓಡಾಡಿ ಹೊಸ ಸೆಟ್ಟು ಮಾಡಿಸಿಕೊಂಡದ್ದು ಅವನಿಗೆ ಗೊತ್ತಿತ್ತು. ನಡುಮನೆಗೆ ಬಂದು ಅಕ್ಕನ ಬಾಯನ್ನೇ ದಿಟ್ಟಿಸಿದ. ಅಕ್ಕ ಬ್ರೆಡ್ಡು ಅಗಿಯುತ್ತಿದ್ದಳು, ಬಾಯಿತುಂಬ ಹಲ್ಲಿತ್ತು. ಏನೋ ನೋಡ್ತಿದೀಯ ಎಂದು ಗದರಿದ್ದಕ್ಕೆ ಏನಿಲ್ಲ ಎಂದ. ಹೊಸದು ಬಾಯಲ್ಲಿದ್ದರೆ ಡಬ್ಬಿಯ ಮೇಲಿರುವುದು ಹಳೆಯದೇ. ಅಷ್ಟು ಫಳಫಳ ಹೊಳೆಯುವುದೇಕೆ? ಅಕ್ಕ ಕಸ ಎಸೆಯುವಾಗಲೂ ತೊಳೆದೇ ಎಸೆಯುವವಳು. ಮುಚ್ಚಳದ ಮೇಲಿದೆ, ಒಳಗಿಲ್ಲವಲ್ಲ? ಒಳಗೆ ಜಾಗವಿರಲಿಲ್ಲ, ಅಷ್ಟೆ. ಲಾಯರಿಗಿಂತ ಚೆನ್ನಾಗಿ ವಾದ ಮಾಡಿ ತನ್ನ ಕೇಸು ತಾನೇ ಗೆದ್ದುಕೊಂಡ.

ಒಂದೇ ಒಂದು ವಿಷಯ ಅವನು ಮರೆತ. ಅವರ ಮನೆತನದಲ್ಲಿ ಹೊಸದನ್ನು ಯಾರೂ ಮನೆಯಲ್ಲಿ ಬಳಸುವುದಿಲ್ಲ. ಹೊಸ ಹೊದಿಕೆ ಬೀರುವಿನಲ್ಲಿ, ಹೊಸ ಚಹಾದ ಕಪ್ಪು ಷೋಕೇಸಿನಲ್ಲಿ. ಮೈಮೇಲೆ ಹರಿದದ್ದು, ಕೈಯಲ್ಲಿ ಕಿವಿ ಮುರಿದದ್ದು. ಸ್ವತಃ ಮಾಮನೇ ಮಗಳು ಕೊಡಿಸಿದ ಹೊಸ ಚಪ್ಪಲಿಯನ್ನು ಪೆಟ್ಟಿಗೆಯಲ್ಲಿಟ್ಟು, ಹೊಲಿಗೆಯ ಮೇಲೆ ಹೊಲಿಗೆ ಬಿದ್ದ ಹಳೆಯದನ್ನು ಎಳೆದುಕೊಂಡು ಓಡಾಡುತ್ತಿದ್ದ. ಅದೇ ರಕ್ತ ಅಕ್ಕನದೂ. ಅವಳು ಮನೆಗೆ ಹಳೆಯ ಹಲ್ಲು, ಹೊರಗೆ ಹೋಗುವಾಗ ಹೊಸ ಹಲ್ಲು ಎಂದು ಇಟ್ಟುಕೊಂಡಿದ್ದಳು. ಹಳೆಯದು ಸಡಿಲ. ಒಂದು ಆಕಳಿಕೆ ಬಂದರೆ ಮೇಲಿನ ಸಾಲು ಟಕ್ಕೆಂದು ಕೆಳಗಿನದರ ಮೇಲೆ ಕೂರುತ್ತಿತ್ತು. ಆದರೂ ಮನೆಯವರ ಮುಂದೆ ಹೊಸದನ್ನು ಸವೆಸುವುದು ದಂಡವೆಂದು ಅವಳ ಲೆಕ್ಕ.

ಹಲ್ಲು ನೀರಾನೆಗೆ ಹೇಳಿ ಮಾಡಿಸಿದಂತಿತ್ತು. ಮಾಮ ಕಾಗದದ ತಿರುಳು ಅರೆದು, ಮರಗೆಲಸದವರ ಅಂಟು ಬೆರೆಸಿ, ವಸಡು ಕಟ್ಟಿ, ಎರಡೂ ಸಾಲನ್ನು ಅದರೊಳಗೆ ಕೂರಿಸಿ, ಗುಲಾಬಿ ಬಣ್ಣ ಬಳಿದು, ಮೇಲೆ ವಾರ್ನಿಶ್ ಎಳೆದ. ಪೆದ್ದುಪೆದ್ದಾಗಿ ಬಾಯಿ ತೆರೆದುಕೊಂಡಿದ್ದ ಪ್ರಾಣಿ ಒಂದೇ ಏಟಿಗೆ ಊರಿಗೇ ದೊಡ್ಡ ಮನುಷ್ಯನಂತೆ ಕಾಣತೊಡಗಿತು. ಶನಿವಾರ ಆಟೋದಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗಿ ಲೈಬ್ರರಿಗೆ ಕೊಟ್ಟು ಬಂದ.

ಭಾನುವಾರ ಬೆಳಿಗ್ಗೆ ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಭಾಷಣವನ್ನು ಮತ್ತೊಮ್ಮೆ ಬಾಯಿಪಾಠ ಮಾಡಿ, ಅಡುಗೆಮನೆಗೆ ಬಂದು ಕೇಳಿದಳು.

"ನನ್ನ ಹೊಸ ಹಲ್ಲೆಲ್ಲಿ? ತೊಳೆದು ಇಲ್ಲೇ ಡಬ್ಬಿ ಮೇಲೆ ಇಟ್ಟಿದ್ದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಮಾಮನ ಕೈ ತನ್ನ ಬಾಯಿಗೇ ಹೋಯಿತು. ಹೆಂಡತಿ ರೂಢಿಯಂತೆ ಮೊದಲು ಗೋಡೆ ನೋಡಿದಳು, ಆಮೇಲೆ ಗಂಡನ ಮುಖ ನೋಡಿದಳು, ಆಮೇಲೆ ಅವನ ತೋಳು ಹಿಡಿದು ಹಿತ್ತಲಿಗೆ ಎಳೆದೊಯ್ದಳು.

"ರೀ, ಅತ್ತಿಗೆ ಹಲ್ಲನ್ನ ಏನು ಮಾಡಿದ್ರಿ?"

"ನೀರಾನೆಗೆ ಕಟ್ಟಿದೀನಿ ಕಣೇ."

ಆಕೆ ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು. ಅತ್ತಿಗೆ ಹಳೆಯ ಹಲ್ಲಿನಲ್ಲಿ ಮೈಕಿನ ಮುಂದೆ ನಿಂತರೆ ಎರಡನೇ ಮಾತಿಗೇ ಮೇಲಿನ ಸಾಲು ಮೇಜಿಗೆ ಬೀಳುತ್ತದೆ, ಎದುರಿಗೆ ಕೂತವರೆಲ್ಲ ಅವರ ಕೈಕೆಳಗೆ ಓದಿದವರು, ಆ ಮರ್ಯಾದೆ ಹೋದರೆ ಮತ್ತೆ ಬರುತ್ತದೆಯೇ ಎಂದು ಕೇಳಿದಳು. ಮಾಮನಿಗೆ ಅದು ಗೊತ್ತಿತ್ತು. ಹಲ್ಲು ಬಿಡಿಸಬೇಕೆಂದರೆ ವಸಡು ಕೊಯ್ಯಬೇಕು, ವಸಡು ಕೊಯ್ದರೆ ದವಡೆ ಕಿತ್ತುಬರುತ್ತದೆ, ದವಡೆ ಕಿತ್ತುಬಂದರೆ ನೀರಾನೆಗೆ ಮೂತಿಯೇ ಇರುವುದಿಲ್ಲ ಎಂಬುದೂ ಗೊತ್ತಿತ್ತು. ಜೀವಮಾನದಲ್ಲಿ ಒಂದು ಸಲ ಒಬ್ಬರು ಕೇಳಿ ಪಡೆದ ಕೆಲಸ. ಆದರೆ ಸಾಕಿದ ಅಕ್ಕನಿಗಿಂತ ನೀರಾನೆ ಹೆಚ್ಚಲ್ಲ. ಪೇಪರ್ ಕತ್ತರಿಸುವ ಚಾಕುವನ್ನು ಜೇಬಿಗೆ ಹಾಕಿಕೊಂಡು ಅವನು ಲೈಬ್ರರಿಯ ಕಡೆಗೆ ಓಟ ಕಿತ್ತ.

ಹೋಗಿ ನೋಡಿದರೆ ನೀರಾನೆಯ ಸುತ್ತ ಮಕ್ಕಳು ಮುತ್ತಿಕೊಂಡಿದ್ದವು. ಒಂದು ಅದರ ಮುಂದೆ ತನ್ನ ಬಾಯನ್ನೂ ಅಷ್ಟೇ ಅಗಲ ತೆರೆದು ನಿಂತಿತ್ತು. ಮುಂದಿನ ಹಲ್ಲು ಬಿದ್ದ ಇನ್ನೊಂದು, ನೀರಾನೆಯ ಹಲ್ಲು ಎಣಿಸುತ್ತ, ಎಣಿಸಲಾರದೆ ನಗುತ್ತಿತ್ತು. ಎಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವು. ಸ್ವಲ್ಪ ಆಚೆ ಹೋಗ್ರಪ್ಪಾ, ಇದಕ್ಕೊಂದು ಆಪರೇಶನ್ ಇದೆ ಎಂದು ಮಾಮ ಗೋಗರೆದ. ಅದಕ್ಕೇನಾಗಿದೆ, ಅದು ಚೆನ್ನಾಗೇ ಇದೆಯಲ್ಲ ಎಂದು ಅವು ತಿರುಗಿ ಕೇಳಿದವು. ಅವನು ಚಾಕು ಹಿಡಿದು ಇಂಗು ತಿಂದ ಮಂಗನಂತೆ ನಿಂತಿದ್ದಾಗ ಬೆನ್ನ ಹಿಂದೆ ಚಪ್ಪಲಿಯ ಸದ್ದು ಕೇಳಿತು. ಈ ವಯಸ್ಸಿನಲ್ಲೂ ಆ ಸದ್ದಿಗೆ ಅವನ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು.

ಹೊಸ ಹಲ್ಲು ಸಿಗದೆ ಹಳೆಯದರಲ್ಲೇ ಹೊರಟುಬಂದಿದ್ದ ಅಕ್ಕ ಮಕ್ಕಳ ಹಿಂದೆ ನಿಂತು ಮೊದಲು ತಮ್ಮನನ್ನು, ಆಮೇಲೆ ಚಾಕುವನ್ನು, ಆಮೇಲೆ ನೀರಾನೆಯನ್ನು ನೋಡಿದಳು. ಕೈಯಲ್ಲಿದ್ದ ಕನ್ನಡಕವನ್ನು ಏರಿಸಿದಳು. ಮೇಲಿನ ಸಾಲಿನಲ್ಲಿ ಒಂದು ಹಲ್ಲು ಒಂಚೂರು ಓರೆಯಾಗಿರಲಿ, ಆಗ ನಿಜವಾದದ್ದು ಅನಿಸುತ್ತದೆ ಎಂದು ಡಾಕ್ಟರಿಗೆ ಹೇಳಿ ಮಾಡಿಸಿದವಳು ಅವಳೇ. ಆ ಓರೆ ಹಲ್ಲು ನೀರಾನೆಯ ಬಾಯಲ್ಲಿ ಎದ್ದು ಕಾಣುತ್ತಿತ್ತು.

"ಅಕ್ಕಾ, ಹಳೇದು ಅಂದ್ಕೊಂಡ್ಬಿಟ್ಟೆ," ಎಂದ ಮಾಮ. "ಸ್ವಲ್ಪ ಹೊತ್ತು ಕೊಡು, ಬಿಡಿಸಿ ಕೊಡ್ತೀನಿ."

"ಮೂತಿ ಹೋಗಲ್ವೇನೋ?"

"ಹೋಗುತ್ತೆ. ಹೋಗ್ಲಿ ಬಿಡು."

ಅಕ್ಕ ಮಕ್ಕಳ ಕಡೆ ತಿರುಗಿದಳು. ಮಕ್ಕಳಿಗೆ ಅವಳ ಪರಿವೆಯೇ ಇರಲಿಲ್ಲ. ಹಲ್ಲು ಬಿದ್ದ ಪೋರ ನೀರಾನೆಗೆ ಈ ಎಂದು ಕಿಸಿದು ತೋರಿಸುತ್ತಿದ್ದ, ಉಳಿದವು ಬಿದ್ದು ಬಿದ್ದು ನಗುತ್ತಿದ್ದವು. ಅವಳು ಅದನ್ನೇ ನೋಡುತ್ತ ನಿಂತುಬಿಟ್ಟಳು. ಕೊನೆಗೆ ತಮ್ಮನ ಕಡೆ ಬಾಗಿ, ಹಲ್ಲು ಜಾರದಂತೆ ತುಟಿ ಬಿಗಿಹಿಡಿದು, ಮೆಲ್ಲಗೆ ಹೇಳಿದಳು.

"ಅಷ್ಟು ವರ್ಷ ಶಾಲೇಲಿದ್ದೆ. ನನ್ನ ಹಲ್ಲು ನೋಡಿ ಒಂದು ಮಗು ಆದ್ರೂ ನಕ್ಕಿತ್ತೇನೋ? ಆ ಚಾಕು ಒಳಗಿಡು. ನಾನು ಬೇರೆ ಮಾಡಿಸ್ಕೊಳ್ತೀನಿ. ಅದನ್ನ ಮುಟ್ಟಿದ್ಯೋ, ಕೈ ಮುರೀತೀನಿ."

ಮಾಮನಿಗೆ ಅಳು ಬಂತು. ಕಣ್ಣೊರೆಸಿಕೊಳ್ಳಲು ಹೋದರೆ ಬೆರಳ ತುದಿಯಲ್ಲಿ ಒಣಗಿದ್ದ ಅಂಟು ರೆಪ್ಪೆಗೆ ತಾಗಿ ಇನ್ನಷ್ಟು ನೀರು ಬಂತು. ಅಷ್ಟರಲ್ಲಿ ಲೈಬ್ರರಿ ಮೇಡಂ ಅಕ್ಕನನ್ನು ವೇದಿಕೆಗೆ ಕರೆದರು.

ಲೈಬ್ರರಿಯ ಹಾಲ್ ಜನರಿಂದ ತುಂಬಿತ್ತು. ಅಂಗಡಿ ಇಟ್ಟವರು, ನರ್ಸಮ್ಮ, ಬ್ಯಾಂಕಿನವರು, ತಲೆ ಬೋಳಾದವರು, ಎಲ್ಲರೂ ಒಂದು ಕಾಲಕ್ಕೆ ಅವಳ ಮುಂದೆ ಕೈಕಟ್ಟಿ ಕೂತವರೇ. ಅವಳು ಮೈಕಿನ ಮುಂದೆ ನಿಂತದ್ದೇ ತಡ, ಎಲ್ಲರ ಬೆನ್ನೂ ನೆಟ್ಟಗಾಯಿತು. ಬಾಯಿಪಾಠ ಮಾಡಿದ್ದ ಭಾಷಣವನ್ನು ಅಕ್ಕ ಶುರು ಮಾಡಲೇ ಇಲ್ಲ. ಮೇಲಿನ ಸಾಲನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು ಹೇಳಿದಳು.

"ಬಾಗಿಲ ಹತ್ರ ಒಂದು ನೀರಾನೆ ಇದೆ. ಮಾಡಿದ್ದು ನನ್ನ ತಮ್ಮ. ಅದರ ಬಾಯಲ್ಲಿರೋದು ನನ್ನ ಹೊಸ ಹಲ್ಲು."

ಬ್ಯಾಂಕಿನವರು ಕೆನ್ನೆ ಒಳಗಿಂದ ಕಚ್ಚಿಕೊಂಡರು, ನರ್ಸಮ್ಮ ಕರವಸ್ತ್ರ ಬಾಯಿಗೆ ತುರುಕಿಕೊಂಡಳು. ಅಷ್ಟು ವಯಸ್ಸಾದವರೆಲ್ಲ ನಗು ತಡೆದು ಮುಖ ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿ, ಹೆಡ್‌ಮೇಡಂ ಎದುರು ಅಲ್ಲಾಡದೆ ಕೂತಿದ್ದರು. ಅಕ್ಕ ಈ ಸಾಲಿನಿಂದ ಆ ಸಾಲಿನವರೆಗೆ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ನಗಬಹುದು," ಎಂದಳು.

ಆಗ ಆ ಹಾಲಿನಲ್ಲಿ ಎದ್ದ ನಗುವಿಗೆ ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಅಕ್ಕನೂ ನಕ್ಕಳು. ಹಳೆಯ ಸೆಟ್ಟಿನ ಮೇಲಿನ ಸಾಲು ಮೈಕಿನ ಮುಂದೆ ಟಕ್ಕೆಂದು ಬಿತ್ತು. ಅವಳು ಅದನ್ನು ಎತ್ತಿಕೊಳ್ಳುವ ಗೋಜಿಗೂ ಹೋಗದೆ ನಗುತ್ತಲೇ ಇದ್ದಳು.