ಹಿಂದಿನಿಂದ ಬಂದ ಕೂಗು

ಮೊನ್ನೆ ಚಪ್ಪಲಿ ರಿಪೇರಿಗೆ ಕೊಟ್ಟು ನಿಂತಿದ್ದೆ. ಹೊಲಿಯುವವನು ಒಣಗಿ ಬಿರುಸಾದ ಬಾರಿಗೆ ಹರಳೆಣ್ಣೆ ಸವರಿದ. ಚರ್ಮಕ್ಕೆ ಎಣ್ಣೆ ಬೆರೆತ ಆ ವಾಸನೆಗೆ ಚಿತ್ರದುರ್ಗದ ಕಾಲೇಜು ಮೈದಾನ ನೆನಪಾಯಿತು. ಅದರಂಚಿನ ಬಂಡೆಯ ಮೇಲೆ ಕೂತು ಫುಟ್‌ಬಾಲಿಗೆ ಎಣ್ಣೆ ತಿಕ್ಕುತ್ತಿದ್ದ ನಮ್ಮ ಕೋಚ್ ಸಾರ್ ಕೂಡ.

ಇಸವಿ ಎಪ್ಪತ್ತನಾಲ್ಕೋ ಎಪ್ಪತ್ತೈದೋ ಇರಬೇಕು... ಅವರು ಹೆಸರು ಮಾಡಿದ ಆಟಗಾರರಲ್ಲ. ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರು ಎಂದು ಯಾವ ಟೀಮು ಕರೆದರೆ ಅಲ್ಲಿಗೆ ಬೂಟು ಚೀಲಕ್ಕೆ ಹಾಕಿಕೊಂಡು ಹೋಗಿ, ಡಿಫೆನ್ಸಿನಲ್ಲಿ ನಿಂತು ಬಂದವರು. ಕೊನೆಗೊಂದು ಮ್ಯಾಚಿನಲ್ಲಿ ಕಾಲ ಬಳಿ ಬಂದ ಬಾಲನ್ನು ಸುಮ್ಮನೆ ಬಿಟ್ಟರಂತೆ. ಗೋಲಾಯಿತು. ಬೇಕೆಂದೇ ಬಿಟ್ಟರೆಂದು ಹೆಸರು ಕೆಟ್ಟಿತು, ಆಟ ನಿಂತಿತು. ಅವರು ಹೇಳುತ್ತಿದ್ದುದೇ ಬೇರೆ: ಹಿಂದಿನಿಂದ ಜೊತೆಗಾರ ‘ಬಿಡು’ ಎಂದು ಕೂಗಿದ, ಬಿಟ್ಟೆ. ಆ ಜೊತೆಗಾರ ಆ ಮ್ಯಾಚಿಗೆ ಮೂರು ತಿಂಗಳು ಮೊದಲೇ ತೀರಿಕೊಂಡಿದ್ದ. ಇದನ್ನು ನಂಬಿದವರು ಒಬ್ಬರೂ ಇರಲಿಲ್ಲ. ನಾವಂತೂ ಬೆನ್ನ ಹಿಂದೆ ನಗುತ್ತಿದ್ದೆವು.

ಆದರೂ ನಮಗೆ ದಿನವೂ ಕಲಿಸಿದ್ದು ಅದನ್ನೇ. ಹಿಂದಿನವನು ‘ಬಿಡು’ ಎಂದರೆ ಮುಂದಿನವನು ಬಾಲನ್ನು ಹೋಗಗೊಡಬೇಕು. ತಿರುಗಿದರೆ ಬೈಗುಳ.

“ಹಿಂದ್ ತಿರುಗಿ ನೋಡ್‌ಬ್ಯಾಡಲೇ. ಹಿಂದ್ ಒಬ್ಬ ಅದಾನೆ ಅಂತ ನಂಬು.”

ಒಮ್ಮೆ ಹಿರಿಯೂರಿಗೆ ಆಡಲು ಹೋಗಿದ್ದೆವು. ಮ್ಯಾಚು ಮುಗಿಯಲು ಸ್ವಲ್ಪವೇ ಹೊತ್ತಿತ್ತು. ಎರಡೂ ಕಡೆ ಗೋಲಿಲ್ಲ. ಬಾಲು ಉರುಳುತ್ತ ನನ್ನತ್ತ ಬಂತು. ನನ್ನ ಹಿಂದೆ, ದೂರದಲ್ಲಿ, ಗೋಲ್‌ಕೀಪರ್ ಒಬ್ಬನೇ. ಆಗ ಕಿವಿಯ ಹತ್ತಿರವೇ ಭಾರವಾದ, ವಯಸ್ಸಾದ ದನಿ: “ಬಿಡು.” ಬಿಟ್ಟೆ. ಎದುರು ಟೀಮಿನ ಫಾರ್ವರ್ಡ್ ನನ್ನನ್ನು ದಾಟಿ ಹೋಗಿ ಗೋಲು ಹೊಡೆದ. ಕೀಪರ್ ತಾನು ಬಾಯೇ ಬಿಡಲಿಲ್ಲವೆಂದು ಆಣೆ ಮಾಡಿದ. ದುರ್ಗದಲ್ಲಾಗಿದ್ದರೆ ಬಂಡೆಯ ಮರುದನಿ ಎನ್ನಬಹುದಿತ್ತು. ಹಿರಿಯೂರಿನ ಆ ಮೈದಾನದ ಸುತ್ತ ಬರೀ ಬಯಲು.

ಸೋತು ಹೊರಬಂದಾಗ ಸಾರ್ ನೇರ ನನ್ನ ಬಳಿ ಬಂದರು. ಹೊಡೆಯುತ್ತಾರೆಂದುಕೊಂಡೆ. ಅವರ ಮುಖದಲ್ಲಿ ಇದ್ದದ್ದು ಸಂತೋಷ. ಅದಕ್ಕೇ ಹೆಚ್ಚು ಹೆದರಿದೆ.

“ನಿಂಗೂ ಕೇಳಿಸ್ತೇನಲೇ?”

ಹುಡುಗರೆಲ್ಲ ನನ್ನನ್ನೇ ನೋಡುತ್ತಿದ್ದರು. ಒಬ್ಬ ಆಗಲೇ ನಗು ತಡೆದುಕೊಂಡಿದ್ದ.

“ಇಲ್ಲ ಸಾರ್. ನಂದೇ ತಪ್ಪು.”

ಅವರು ಬಾಲು ಎತ್ತಿಕೊಂಡು ಬಸ್ಸಿನತ್ತ ನಡೆದರು. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತವರು, ತಮ್ಮ ಊರಲ್ಲದ, ನೆಂಟರೂ ಇಲ್ಲದ ನಡುದಾರಿಯ ಐಮಂಗಲದಲ್ಲಿ ಇಳಿದುಬಿಟ್ಟರು. ಎಣ್ಣೆ ಹಚ್ಚಿದ ಬಾಲು ಸೀಟಿನ ಮೇಲೇ ಉಳಿದಿತ್ತು. ಮರುದಿನ ಮೈದಾನಕ್ಕೆ ಬರಲಿಲ್ಲ. ಆಮೇಲೂ...

ನನ್ನ ನೆನಪನ್ನು ನಾನು ಸುಲಭಕ್ಕೆ ನಂಬುವವನಲ್ಲ. ತಪ್ಪು ಮುಚ್ಚಿಕೊಳ್ಳಲು ಆ ದನಿಯನ್ನು ಆಮೇಲೆ ನಾನೇ ಕಟ್ಟಿಕೊಂಡಿರಬಹುದು. ಮೊನ್ನೆ ಚಪ್ಪಲಿ ಕೊಟ್ಟು ಮನೆಗೆ ಬಂದವನೇ ಆ ಮ್ಯಾಚಿನ ದಿನದ ಹಳೆಯ ಡೈರಿ ತೆಗೆದೆ. ಒಂದೇ ಸಾಲು: ‘ಅಂದಾಜು ತಪ್ಪಿತು, ಹಿಂದಿನಿಂದ ಯಾರೂ ಕೂಗಲಿಲ್ಲ.’ ಓದಿ ಮೊದಲು ಸಮಾಧಾನವಾಯಿತು. ಆಮೇಲೆ ಹೊಳೆಯಿತು: ಯಾರೂ ಕೂಗದಿದ್ದರೆ, ಕೂಗಲಿಲ್ಲವೆಂದು ಬರೆದಿಟ್ಟುಕೊಳ್ಳುವ ಅಗತ್ಯವೇನಿತ್ತು?

ಸಾರ್ ಈಗ ಬದುಕಿರಲಾರರು. ಅವರಿಗೆ ಬೇಕಿದ್ದದ್ದು ಒಬ್ಬನ ಒಂದು ‘ಹೌದು’.

ನಿನ್ನೆ ಚಪ್ಪಲಿ ತರಲು ಹೋದಾಗ ಆ ವಾಸನೆಯಲ್ಲಿ ನಿಂತು, “ಕೇಳಿಸ್ತು ಸಾರ್” ಎಂದೆ. ಹೊಲಿಯುವವನು ತಲೆಯೆತ್ತಿ ನನ್ನನ್ನಲ್ಲ, ನನ್ನ ಹೆಗಲಾಚೆ, ಹಿಂದೆ ಯಾರೋ ನಿಂತಿರುವಂತೆ ನೋಡಿದ.

ನಾನು ಹಿಂದೆ ತಿರುಗಿ ನೋಡಲಿಲ್ಲ.